ಈ ಕರೆ ದಾಖಲಾಗುತ್ತಿದೆ

ಸಂಡರ್‌ಲ್ಯಾಂಡಿನ ಈ ಗಾಜಿನ ಕಟ್ಟಡದಲ್ಲಿ
ಹನ್ನೊಂದು ವರ್ಷದಿಂದ ನಾನು ಬರೀ ಒಂದು ದನಿ.
ಡೆನಿಸ್ ಹಾರ್‌ಬಾಟಲ್, ವಾಹನ ವಿಮೆ, ನವೀಕರಣ ವಿಭಾಗ.
ಕಿವಿಗೆ ಹೆಡ್‌ಸೆಟ್ಟು, ಮೇಜಿನ ಮೇಲೆ ಆರಿದ ಚಹಾ,
ಕಿಟಕಿಯಾಚೆ ವಿಯರ್ ನದಿ, ಅದರ ಮೇಲೆ
ಬೆಳಗಿನಿಂದ ಜಗಳ ಮುಗಿಯದ ಕಡಲಹಕ್ಕಿಗಳು.

ಮಂಗಳವಾರ, ಹತ್ತೂವರೆ. ಸಾಲಿನಲ್ಲಿ ಬಂದವರು
ಆಲ್ವಿನ್ ಥ್ರೆಲ್‌ಕೆಲ್ಡ್. ಅರವತ್ತೊಂದು. ಊರು ಹೆಕ್ಸಮ್.
ವೃತ್ತಿ: ಪಿಯಾನೊಗಳ ಶ್ರುತಿ ಕೂಡಿಸುವುದು.
"ಮೊದಲೇ ಹೇಳಿಬಿಡುತ್ತೇನಮ್ಮ," ಅಂದರು,
"ಕಾಯಿಸುವಾಗ ನೀವು ಕೇಳಿಸುವ ಸಂಗೀತ
ಕಾಲು ಸ್ವರ ಇಳಿದಿದೆ."

ಹೋದ ವರ್ಷ ನಾನೂರ ಹನ್ನೆರಡು ಪೌಂಡು.
ಈ ವರ್ಷ ಒಂಬೈನೂರ ಅರವತ್ತೇಳು.
ಅಂಕಿ ಓದಿದೆ. ಆ ತುದಿಯಲ್ಲಿ
ದೊಡ್ಡ ವಾದ್ಯವೊಂದರ ಮುಚ್ಚಳ ಮುಚ್ಚಿದಂಥ ಮೌನ.

"ನಾನು ಯಾರಿಗೂ ಗುದ್ದಲಿಲ್ಲವಲ್ಲ?"
ಇಲ್ಲ ಸರ್.
"ಗಾಡಿ ನಿಂತಿತ್ತು. ಕೆಂಪು ದೀಪ."
ನಿಂತಿತ್ತು ಸರ್, ಫೋನು ಕೈಯಲ್ಲಿತ್ತು.
"ಹೆಂಡತಿಯ ಸಂದೇಶ. ಮೂರೇ ಪದ."

ನನ್ನ ಪರದೆ ಪದ ಎಣಿಸುವುದಿಲ್ಲ.
ಎರಡಕ್ಷರ, ಎರಡಂಕಿಯ ಒಂದು ಸಂಕೇತ,
ಪಕ್ಕದಲ್ಲಿ ಪೆನಾಲ್ಟಿ ಪಾಯಿಂಟು ಆರು, ಒಂದು ತಾರೀಖು.
ಕಾರಣ ಬರೆಯುವ ಪೆಟ್ಟಿಗೆಯೇ ಫಾರ್ಮಿನಲ್ಲಿಲ್ಲ.
ಐದು ವರ್ಷ ನಾವು ಕೇಳುತ್ತೇವೆ, ಐದು ವರ್ಷ ಅವರು ಹೇಳಬೇಕು,
ಹೇಳದಿದ್ದರೆ ಅದಕ್ಕೆ ಬೇರೆಯೇ ಪುಟವಿದೆ.

ತರಬೇತಿಯಲ್ಲಿ ಕಲಿಸಿದ್ದನ್ನು ಒಪ್ಪಿಸಿದೆ:
ಅಪಾಯ ಅಂದರೆ ನೀವು ಮಾಡಿದ್ದಲ್ಲ ಸರ್,
ನಿಮ್ಮಂಥವರು ಇನ್ನು ಮುಂದೆ ಮಾಡಬಹುದಾದ್ದು.
"ನನ್ನಂಥವರು ಅಂದರೆ? ಶ್ರುತಿ ಕೂಡಿಸುವವರೇ?"
ಅಲ್ಲ. ಕೆಂಪು ದೀಪದಲ್ಲಿ ತಲೆ ತಗ್ಗಿಸಿದವರು.

ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು.
ಕಳೆದ ಶುಕ್ರವಾರ ಸೀಹಮ್ ತಿರುವಿನಲ್ಲಿ
ಮೊಣಕೈಯಲ್ಲಿ ಸ್ಟಿಯರಿಂಗು, ಹೆಬ್ಬೆರಳಲ್ಲಿ ತಂಗಿಗೆ ಉತ್ತರ.
ನಲವತ್ತು ಮೈಲಿ ವೇಗ. ನನ್ನದು ಮುನ್ನೂರ ಎಂಟೇ ಪೌಂಡು.
ಸಿಕ್ಕಿಬಿದ್ದವನು ಕಳ್ಳ,
ಸಿಕ್ಕದವಳು ಹೆಡ್‌ಸೆಟ್ಟು ಹಾಕಿಕೊಂಡು ದರ ಹೇಳುತ್ತಾಳೆ.

ಆಗ ಕೇಳಿಸಿತು.
ಟಿಕ್. ಟಿಕ್. ಟಿಕ್.
ಇಂಡಿಕೇಟರು! ಕೈಪಿಡಿಯ ಹದಿನಾಲ್ಕನೇ ಪುಟ:
ಗ್ರಾಹಕರು ಚಾಲನೆಯಲ್ಲಿದ್ದರೆ ಕೂಡಲೇ ಕರೆ ಮುಗಿಸಿ.
ಸರ್, ಗಾಡಿ ಓಡಿಸುತ್ತಿದ್ದೀರಾ?

ಅವರು ನಕ್ಕರು. ಒಣ ಮರ ಬಿರಿದ ಹಾಗೆ.
"ಚರ್ಚಿನ ಹಿಂದಿನ ಕೋಣೆಯಲ್ಲಿದ್ದೇನಮ್ಮ. ಅದು ಮೆಟ್ರೊನೋಮು.
ಬಸ್ಸಿನಲ್ಲಿ ಬಂದೆ, ಸಲಕರಣೆ ತೊಡೆಯ ಮೇಲಿಟ್ಟುಕೊಂಡು.
ಫೋನು ಬಲಗಡೆ ಜೇಬಿನಲ್ಲಿದ್ದರೆ ಸಾಕು,
ನನ್ನ ಕಾರನ್ನು ಕಂಡರೂ ಈಗ ನನಗೆ ಹೆದರಿಕೆ."

ಕೇಳಬಾರದಿತ್ತು. ಕರೆ ದಾಖಲಾಗುತ್ತಿತ್ತು.
ಆ ಮೂರು ಪದ ಯಾವುವು ಸರ್?

"ಬೆಕ್ಕು ಮನೆಗೆ ಬಂತು.
ಒಂಬತ್ತು ದಿನ ಕಾಣೆಯಾಗಿತ್ತು, ಮುಂಡೇದು.
ಲೆಕ್ಕ ಹಾಕಿ, ಐನೂರ ಐವತ್ತೈದು ಪೌಂಡಿನ ಬೆಕ್ಕು.
ಎಂಟು ಪಿಯಾನೊ ಕೂಡಿಸಬೇಕು ಅದಕ್ಕೆ."

ಕಂತಿನಲ್ಲಿ ಕಟ್ಟುತ್ತೀರಾ ಎಂದೆ.
ಅವರು ಒಂದು ಮನೆ ಒತ್ತಿದರು, ಒಂದೇ ಒಂದು ಸ್ವರ,
ಕಿವಿಯೊಳಗೆ ತುಂಬಿ, ತೆಳುವಾಗಿ, ನಿಧಾನಕ್ಕೆ ಆರಿತು.
"ಕಂತಿನಲ್ಲಿ," ಅಂದರು.
ಅಷ್ಟರಲ್ಲಿ ಮುಂದಿನ ಕರೆ ಮಿನುಗುತ್ತಿತ್ತು.

ಸಂಜೆ ಸೇತುವೆ ದಾಟಿದ ಮೇಲೆ ಕೆಂಪು ದೀಪ.
ಪಕ್ಕದ ಸೀಟಿನಲ್ಲಿ ಚೀಲ, ಚೀಲದೊಳಗೆ ಒಂದು ನಡುಕ.
ತಂಗಿಯೋ, ಬ್ಯಾಂಕೋ, ಏನಾದರೂ
ಎಲ್ಲಾದರೂ ಮನೆಗೆ ಬಂದಿರಬಹುದು.
ಟಿಕ್, ಟಿಕ್, ಎಡಕ್ಕೆ ತಿರುಗಬೇಕಾದ ನನ್ನ ದೀಪ.
ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎಣಿಸಿದೆ,
ಏಳಕ್ಕೆ ಬಲಗೈ ಜಾರಿತು, ಎಂಟಕ್ಕೆ ಮರಳಿತು.

ಹಸಿರು. ಹಿಂದಿನವನು ಹಾರನ್ ಒತ್ತಿದ.
ಅದೂ ಕಾಲು ಸ್ವರ ಇಳಿದಿತ್ತೋ ಏನೋ,
ನನಗೆಲ್ಲಿ ಗೊತ್ತಾಗಬೇಕು.